ಗರ್ಭಪಾತದ ಹಕ್ಕಿಗೂ ಸೈ, ಟ್ರಂಪ್‌ಗೂ ಜೈ: ಅಮೆರಿಕದ ಮತದಾರರ ಲೆಕ್ಕಾಚಾರವೇನು?

2024ರ ನವೆಂಬರ್ 5ರಂದು ಅಮೆರಿಕದ ಮಿಸೌರಿ ರಾಜ್ಯದ ಮತದಾರರು ಒಂದೇ ಮತಪತ್ರದಲ್ಲಿ ಎರಡು ತೀರ್ಪು ಕೊಟ್ಟರು. ಅಧ್ಯಕ್ಷ ಸ್ಥಾನಕ್ಕೆ ಡೊನಾಲ್ಡ್ ಟ್ರಂಪ್ ಅವರಿಗೆ ಶೇ 58ರಷ್ಟು ಮತ ಹಾಕಿದರು. ಜೊತೆಗೆ, ಗರ್ಭಪಾತದ ಹಕ್ಕನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸುವ ತಿದ್ದುಪಡಿಯನ್ನೂ ಸುಮಾರು ಶೇ 52ರಷ್ಟು ಮತಗಳಿಂದ ಗೆಲ್ಲಿಸಿದರು. ಅರಿಜೋನಾ, ನೆವಾಡಾ, ಮೊಂಟಾನಾದಲ್ಲೂ ಹೀಗೆಯೇ ಆಯಿತು: ಟ್ರಂಪ್ ಗೆದ್ದರು, ಗರ್ಭಪಾತದ ಹಕ್ಕಿನ ತಿದ್ದುಪಡಿಯೂ ಗೆದ್ದಿತು.

ಇದು ಹೇಗೆ ಸಾಧ್ಯ? ಗರ್ಭಪಾತದ ಪ್ರಶ್ನೆ ಅಮೆರಿಕದಲ್ಲಿ ಎರಡು ಬೇರೆ ಬೇರೆ ಮತದಾರ ವರ್ಗಗಳ ಮುಂದೆ ಹೋಗುತ್ತದೆ. ಎರಡೂ ಕಡೆ ಉತ್ತರ ಒಂದೇ ಆಗಿರುವುದಿಲ್ಲ. ಪಕ್ಷಗಳು ಸಿಕ್ಕಿಕೊಂಡಿರುವುದು ಈ ಎರಡರ ನಡುವೆ.

ಶುರುವಾಗಿದ್ದು ಎಲ್ಲಿಂದ?

1973ರ 'ರೋ ವರ್ಸಸ್ ವೇಡ್' ತೀರ್ಪು ಗರ್ಭಪಾತವನ್ನು ದೇಶದಾದ್ಯಂತ ಸಾಂವಿಧಾನಿಕ ಹಕ್ಕಾಗಿಸಿತ್ತು. 2022ರ ಜೂನ್ 24ರಂದು ಸುಪ್ರೀಂ ಕೋರ್ಟ್ 'ಡಾಬ್ಸ್' ಪ್ರಕರಣದಲ್ಲಿ ಅದನ್ನು ರದ್ದುಪಡಿಸಿ, ನಿರ್ಧಾರವನ್ನು ರಾಜ್ಯಗಳಿಗೆ ಬಿಟ್ಟಿತು. ಮಿಸೌರಿಯಲ್ಲಿ ಅದೇ ದಿನ ನಿಷೇಧ ಜಾರಿಗೆ ಬಂತು. ಕೆಲವೇ ತಿಂಗಳಲ್ಲಿ ಹತ್ತಕ್ಕೂ ಹೆಚ್ಚು ರಾಜ್ಯಗಳು ಅದೇ ಹಾದಿ ಹಿಡಿದವು.

ಪ್ರೈಮರಿ ಎಂದರೇನು? ಬ್ಯಾಲೆಟ್ ಮೆಷರ್ ಎಂದರೇನು?

ಭಾರತದಲ್ಲಿ ಟಿಕೆಟ್ ಹಂಚುವುದು ಪಕ್ಷದ ಹೈಕಮಾಂಡ್. ಅಮೆರಿಕದಲ್ಲಿ ಟಿಕೆಟ್ ಯಾರಿಗೆ ಎಂಬುದನ್ನೂ ಮತದಾನದಿಂದಲೇ ನಿರ್ಧರಿಸುತ್ತಾರೆ. ಅದೇ ಪ್ರೈಮರಿ. ಇದರಲ್ಲಿ ಮತ ಹಾಕುವವರು ಕಡಿಮೆ. ಬಂದವರಲ್ಲಿ ಪಕ್ಷದ ಕಟ್ಟಾ ಬೆಂಬಲಿಗರೇ ಹೆಚ್ಚು.

ಬ್ಯಾಲೆಟ್ ಮೆಷರ್ ಎಂದರೆ ಒಂದು ಕಾನೂನು ಅಥವಾ ತಿದ್ದುಪಡಿಯ ಮೇಲೆ ಜನರೇ ನೇರವಾಗಿ 'ಹೌದು' ಅಥವಾ 'ಇಲ್ಲ' ಎನ್ನುವ ಮತದಾನ. ಇಲ್ಲಿ ಅಭ್ಯರ್ಥಿಯೂ ಇಲ್ಲ, ಪಕ್ಷದ ಚಿಹ್ನೆಯೂ ಇಲ್ಲ. ಎಲ್ಲ ಮತದಾರರೂ ಮತ ಹಾಕಬಹುದು. ಸುಮಾರು ಅರ್ಧದಷ್ಟು ರಾಜ್ಯಗಳಲ್ಲಿ ಸಹಿ ಸಂಗ್ರಹಿಸಿ ಜನರೇ ಒಂದು ವಿಷಯವನ್ನು ಮತಕ್ಕೆ ತರಲು ಅವಕಾಶವಿದೆ.

ಕನ್ಸಾಸ್ ಕೊಟ್ಟ ಮೊದಲ ಶಾಕ್

ಎರಡೂ ಒಂದೇ ದಿನ ನಡೆದರೆ ಏನಾಗುತ್ತದೆ ಎಂಬುದನ್ನು ಕನ್ಸಾಸ್ ತೋರಿಸಿತು. ಗರ್ಭಪಾತಕ್ಕೆ ಇದ್ದ ಸಾಂವಿಧಾನಿಕ ರಕ್ಷಣೆ ತೆಗೆಯುವ ತಿದ್ದುಪಡಿಯನ್ನು ಅಲ್ಲಿನ ರಿಪಬ್ಲಿಕನ್ ಶಾಸಕರು 2022ರ ಆಗಸ್ಟ್ 2ರ ಪ್ರೈಮರಿ ದಿನವೇ ಮತಕ್ಕೆ ಇಟ್ಟಿದ್ದರು. ಯಾವ ಪಕ್ಷಕ್ಕೂ ಸೇರದವರು ಸಾಮಾನ್ಯವಾಗಿ ಪ್ರೈಮರಿಗೆ ಬರುವುದಿಲ್ಲ. ಆದರೆ ಅಂದು ತಿದ್ದುಪಡಿಯ ಮೇಲೆ ಅವರೂ ಮತ ಹಾಕಬಹುದಿತ್ತು. 9 ಲಕ್ಷಕ್ಕೂ ಹೆಚ್ಚು ಜನ ಬಂದರು. 2020ರಲ್ಲಿ ಟ್ರಂಪ್ ಅವರನ್ನು ಸುಮಾರು 15 ಪಾಯಿಂಟ್ ಅಂತರದಿಂದ ಗೆಲ್ಲಿಸಿದ್ದ ರಾಜ್ಯ, ಶೇ 59ರಷ್ಟು ಮತಗಳಿಂದ ತಿದ್ದುಪಡಿಯನ್ನು ತಿರಸ್ಕರಿಸಿತು.

ಅದೇ ದಿನ ರಿಪಬ್ಲಿಕನ್ ಪ್ರೈಮರಿಯಲ್ಲಿ ಅಟಾರ್ನಿ ಜನರಲ್ ಹುದ್ದೆಗೆ ಟಿಕೆಟ್ ಗೆದ್ದವರು ಗರ್ಭಪಾತ ವಿರೋಧಿ ಕ್ರಿಸ್ ಕೋಬಾಕ್. ನವೆಂಬರ್‌ನಲ್ಲಿ ಅವರೇ ಗೆದ್ದರು.

ಟಿಕೆಟ್ ಕಳೆದುಕೊಂಡ ಮೂವರು ಮಹಿಳೆಯರು

ಪ್ರೈಮರಿಯ ಬಿಸಿ ಏನೆಂದು ತಿಳಿಯಲು ಸೌತ್ ಕೆರೊಲಿನಾ ನೋಡಬೇಕು. 2023ರ ಏಪ್ರಿಲ್‌ನಲ್ಲಿ ಬಹುತೇಕ ಪೂರ್ಣ ನಿಷೇಧದ ಮಸೂದೆಯನ್ನು ರಾಜ್ಯ ಸೆನೆಟ್‌ನ ಐವರೂ ಮಹಿಳಾ ಸದಸ್ಯರು ಪಕ್ಷಭೇದ ಮರೆತು ತಡೆದರು. ಅವರಲ್ಲಿ ಸ್ಯಾಂಡಿ ಸೆನ್, ಕತ್ರಿನಾ ಶೀಲಿ, ಪೆನ್ರಿ ಗುಸ್ಟಾಫ್ಸನ್ ರಿಪಬ್ಲಿಕನ್ನರು. 2024ರ ಜೂನ್‌ನಲ್ಲಿ ಈ ಮೂವರೂ ತಮ್ಮದೇ ಪಕ್ಷದ ಪ್ರೈಮರಿಯಲ್ಲಿ ಸೋತರು. ಸೆನ್ ಸೋತ ಅಂತರ 50 ಮತಗಳಿಗಿಂತಲೂ ಕಡಿಮೆ. ಜನರೇ ವಿಷಯವನ್ನು ಮತಕ್ಕೆ ತರುವ ಅವಕಾಶ ಆ ರಾಜ್ಯದಲ್ಲಿಲ್ಲ. ಹಾಗಾಗಿ ಕೊನೆಯ ಮಾತು ಪ್ರೈಮರಿ ಮತದಾರರದ್ದೇ ಆಯಿತು.

ಡೆಮಾಕ್ರಟಿಕ್ ಪಕ್ಷದಲ್ಲೂ ಇದೇ ಒತ್ತಡ, ದಿಕ್ಕು ಮಾತ್ರ ಬೇರೆ. ಗರ್ಭಪಾತ ವಿರೋಧಿಯಾಗಿದ್ದ ಇಲಿನಾಯ್‌ನ ಸಂಸದ ಡ್ಯಾನ್ ಲಿಪಿನ್ಸ್ಕಿ 2020ರ ಪ್ರೈಮರಿಯಲ್ಲಿ ಸೋತರು. ಟೆಕ್ಸಾಸ್‌ನ ಹೆನ್ರಿ ಕುಎಲಾರ್ 2022ರಲ್ಲಿ 300ಕ್ಕೂ ಕಡಿಮೆ ಮತಗಳಿಂದ ಪಾರಾದರು.

ಪಕ್ಷಗಳು ಕಲಿತ ಪಾಠ

ಪ್ರೈಮರಿ ಗೆಲ್ಲಲು ಕಠಿಣ ನಿಲುವು, ಸಾರ್ವತ್ರಿಕ ಚುನಾವಣೆಗೆ ಮೃದು ಮಾತು. ಇದು ರಿಪಬ್ಲಿಕನ್ನರ ಹೊಸ ಸಂಕಟ. ಅರಿಜೋನಾದ ಕಾರಿ ಲೇಕ್ 2022ರ ಗವರ್ನರ್ ಪ್ರೈಮರಿ ವೇಳೆ ತಮ್ಮ ರಾಜ್ಯದ 1864ರ ಗರ್ಭಪಾತ ನಿಷೇಧ ಕಾನೂನನ್ನು ಹೊಗಳಿದ್ದರು. 2024ರ ಏಪ್ರಿಲ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದೇ ಕಾನೂನನ್ನು ಎತ್ತಿಹಿಡಿದಾಗ, ಸೆನೆಟ್ ಅಭ್ಯರ್ಥಿಯಾಗಿದ್ದ ಅವರು ಅದನ್ನು ವಿರೋಧಿಸಿದರು. ಕೊನೆಗೆ ಸೋತರು. ಅದೇ ತಿಂಗಳು ಟ್ರಂಪ್, ವಿಷಯ ರಾಜ್ಯಗಳಿಗೆ ಬಿಟ್ಟದ್ದು ಎಂದು ಜಾಣತನದಿಂದ ಪಕ್ಕಕ್ಕೆ ಸರಿದರು.

ಇನ್ನೊಂದು ತಂತ್ರ ಆಟದ ನಿಯಮವನ್ನೇ ಬದಲಿಸುವುದು. ಓಹಿಯೊದಲ್ಲಿ ತಿದ್ದುಪಡಿಗೆ ಶೇ 60ರಷ್ಟು ಮತ ಕಡ್ಡಾಯ ಮಾಡುವ ಪ್ರಸ್ತಾವವನ್ನು 2023ರ ಆಗಸ್ಟ್‌ನಲ್ಲಿ ಮತಕ್ಕೆ ಹಾಕಲಾಯಿತು. ಜನ ತಿರಸ್ಕರಿಸಿದರು. ಮೂರು ತಿಂಗಳ ನಂತರ ಗರ್ಭಪಾತದ ಹಕ್ಕಿನ ತಿದ್ದುಪಡಿ ಸುಮಾರು ಶೇ 57 ಮತ ಪಡೆದು ಗೆದ್ದಿತು.

ಡೆಮಾಕ್ರಟ್‌ಗಳ ಲೆಕ್ಕವೂ ತಪ್ಪಿತು. ಮಿಷಿಗನ್‌ನಲ್ಲಿ 2022ರಲ್ಲಿ ಇಂಥ ತಿದ್ದುಪಡಿ ಗೆದ್ದಾಗ ಗವರ್ನರ್ ಹುದ್ದೆಯ ಜೊತೆಗೆ ಶಾಸನಸಭೆಯ ಎರಡೂ ಸದನಗಳು ಅವರ ಪಾಲಾಗಿದ್ದವು. 2024ರಲ್ಲೂ ಹಾಗೆಯೇ ಆಗುತ್ತದೆಂದು ನಂಬಿದ್ದರು. ಆದರೆ ಹಕ್ಕಿಗೆ ಪ್ರತ್ಯೇಕವಾಗಿ ಮತ ಹಾಕಲು ಅವಕಾಶ ಸಿಕ್ಕಾಗ, ಅದಕ್ಕಾಗಿ ಪಕ್ಷ ಬದಲಿಸುವ ಅಗತ್ಯ ಅನೇಕ ಮತದಾರರಿಗೆ ಕಾಣಲಿಲ್ಲ. ಬೆಲೆ ಏರಿಕೆ, ವಲಸೆಯಂಥ ವಿಷಯಗಳನ್ನು ನೋಡಿ ಅಭ್ಯರ್ಥಿಯನ್ನು ಆರಿಸಿದರು.

ಮುಂದೇನು?

2024ರಲ್ಲಿ 10 ರಾಜ್ಯಗಳಲ್ಲಿ ಈ ಪ್ರಶ್ನೆ ಮತಕ್ಕೆ ಬಂತು. 7ರಲ್ಲಿ ಗರ್ಭಪಾತದ ಹಕ್ಕು ಗೆದ್ದಿತು. ಫ್ಲೋರಿಡಾದಲ್ಲಿ ಶೇ 57ರಷ್ಟು ಜನ ಪರವಾಗಿದ್ದರೂ, ಶೇ 60 ಬೇಕೆಂಬ ನಿಯಮದಿಂದಾಗಿ ತಿದ್ದುಪಡಿ ಬಿದ್ದುಹೋಯಿತು. ಅಲ್ಲಿ ಆರು ವಾರಗಳ ನಂತರದ ಗರ್ಭಪಾತಕ್ಕೆ ಇರುವ ನಿಷೇಧ ಹಾಗೆಯೇ ಉಳಿಯಿತು.

ಮಿಸೌರಿಯಲ್ಲೂ ಗೆಲುವು ಅಂತಿಮವಾಗಲಿಲ್ಲ. ಜನ ಒಪ್ಪಿದ ತಿದ್ದುಪಡಿಯನ್ನು ತೆಗೆದುಹಾಕುವ ಪ್ರಸ್ತಾವವನ್ನು 2026ರ ನವೆಂಬರ್ ಮತಪತ್ರಕ್ಕೆ ಕಳಿಸಲು ಅಲ್ಲಿನ ಶಾಸನಸಭೆ 2025ರಲ್ಲಿ ತೀರ್ಮಾನಿಸಿತು. ಹೀಗೆ ಮಾಡಿದ್ದು, 2024ರಲ್ಲಿ ತಿದ್ದುಪಡಿ ಗೆಲ್ಲಿಸಿದ ಅದೇ ಮತದಾರರು ಆರಿಸಿ ಕಳಿಸಿದ ಸಭೆ. ಹಕ್ಕಿಗೆ ಒಂದು ಮತ, ಶಾಸಕರಿಗೆ ಇನ್ನೊಂದು ಮತ ಎಂಬ ಲೆಕ್ಕಾಚಾರದ ಬೆಲೆ ಏನೆಂಬುದನ್ನು ಮಿಸೌರಿಯ ಮಹಿಳೆಯರಿಗಿಂತ ಚೆನ್ನಾಗಿ ಬಲ್ಲವರಿಲ್ಲ.