ಏಕಾದಶಿಯ ದಿನಭೇದ: ಶಾಸ್ತ್ರ, ಗಣಿತ, ದೇಶ

ಒಂದೇ ಊರಿನಲ್ಲಿ, ಒಂದೊಂದು ವೇಳೆ ಒಂದೇ ಬೀದಿಯಲ್ಲಿ, ಒಂದು ಮನೆಯವರು ಬುಧವಾರ ಏಕಾದಶಿಯ ಉಪವಾಸವಿದ್ದು ಗುರುವಾರ ಪಾರಣೆ ಮಾಡುತ್ತಿರುವಾಗ ಎದುರು ಮನೆಯವರು ಅದೇ ಗುರುವಾರ ನಿರಾಹಾರರಾಗಿರುವುದನ್ನು ಕನ್ನಡನಾಡಿನಲ್ಲಿ ಕಾಣದವರಿಲ್ಲ. ಇದಕ್ಕೆ ಕಾರಣವೇನೆಂದು ಕೇಳಿದರೆ ಎರಡು ಬಗೆಯ ಉತ್ತರಗಳು ಬರುತ್ತವೆ. ಇದು ಮತಾಭಿಮಾನದಿಂದ ಹುಟ್ಟಿದ ಹಠವೆಂದು ಕೆಲವರೂ, ಪಂಚಾಂಗಕಾರರ ಗಣಿತದ ತಪ್ಪೆಂದು ಮತ್ತೆ ಕೆಲವರೂ ಹೇಳುತ್ತಾರೆ. ಎರಡೂ ಉತ್ತರಗಳು ಅವಿಚಾರಿತವಾದುವು. ದಿನಭೇದಕ್ಕೆ ಕಾರಣಗಳು ಒಂದಲ್ಲ, ಮೂರು. ಅವು ಒಂದಕ್ಕೊಂದು ಸಂಬಂಧವಿಲ್ಲದವು. ಅವನ್ನು ಬೇರ್ಪಡಿಸಿ ನೋಡದಿರುವುದರಿಂದಲೇ ಈ ವಿಷಯದ ವಾದಗಳು ಬಹುಕಾಲದಿಂದ ಕೊನೆಗಾಣದೆ ನಡೆದಿವೆ.

ಮೊದಲು ತಿಥಿಯ ಸ್ವರೂಪವನ್ನು ನೆನೆಯತಕ್ಕದ್ದು. ಚಂದ್ರನು ಸೂರ್ಯನಿಂದ ಹನ್ನೆರಡು ಅಂಶಗಳಷ್ಟು ಮುಂದೆ ಸರಿಯುವ ಕಾಲವೇ ಒಂದು ತಿಥಿ. ಅದು ಹಗಲನ್ನಾಗಲಿ ಇರುಳನ್ನಾಗಲಿ ಲೆಕ್ಕಿಸುವುದಿಲ್ಲ. ನಡುಹಗಲಲ್ಲಿ ಹುಟ್ಟಬಹುದು, ನಡುರಾತ್ರಿಯಲ್ಲಿ ಮುಗಿಯಬಹುದು. ಸರಾಸರಿಯಲ್ಲಿ ಅದರ ಪ್ರಮಾಣ ೫೯ ಘಳಿಗೆಗಳಿಗಿಂತ ಸ್ವಲ್ಪ ಹೆಚ್ಚು, ಎಂದರೆ ಅಹೋರಾತ್ರದ ೬೦ ಘಳಿಗೆಗಳಿಗಿಂತ ಸ್ವಲ್ಪ ಕಡಮೆ. ಚಂದ್ರಸೂರ್ಯರ ಗತಿ ಸಮವಾಗಿಲ್ಲದಿರುವುದರಿಂದ ಕೆಲವು ತಿಥಿಗಳು ಬೆಳೆಯುತ್ತವೆ, ಕೆಲವು ಕುಗ್ಗುತ್ತವೆ. ಆದಕಾರಣ ಒಂದು ತಿಥಿಯು ಎರಡು ಸೂರ್ಯೋದಯಗಳನ್ನು ಮುಟ್ಟುವುದೂ ಉಂಟು, ಒಂದನ್ನೂ ಮುಟ್ಟದೆ ಹೋಗುವುದೂ ಉಂಟು. ಮೊದಲನೆಯದು ವೃದ್ಧಿ, ಎರಡನೆಯದು ಕ್ಷಯ. ಹನ್ನೆರಡು ಚಾಂದ್ರಮಾಸಗಳಲ್ಲಿ ಸುಮಾರು ಹದಿಮೂರು ಕ್ಷಯಗಳೂ ಏಳು ವೃದ್ಧಿಗಳೂ ಬರುತ್ತವೆ.

ವ್ರತವಾದರೋ ದಿನವನ್ನು ಹಿಡಿದು ನಡೆಯತಕ್ಕದ್ದು. ಮನುಷ್ಯನು ಸ್ನಾನಮಾಡುವುದು, ಪೂಜಿಸುವುದು, ಉಣ್ಣುವುದು, ಉಣ್ಣದಿರುವುದು ಎಲ್ಲವೂ ಸೂರ್ಯನ ಉದಯಾಸ್ತಗಳಿಗೆ ಕಟ್ಟುಬಿದ್ದಿವೆ. ಹೀಗೆ ಚಾಂದ್ರವಾದ ತಿಥಿಯನ್ನು ಸಾವನವಾದ ದಿನಕ್ಕೆ ಹೊಂದಿಸುವ ವಿದ್ಯೆಯೇ ತಿಥಿನಿರ್ಣಯ. ದೇವಗಿರಿಯ ಯಾದವರ ಕಾಲದಲ್ಲಿ ಹೇಮಾದ್ರಿಯು ಚತುರ್ವರ್ಗಚಿಂತಾಮಣಿಯಲ್ಲಿಯೂ, ವಿಜಯನಗರದ ಆರಂಭಕಾಲದಲ್ಲಿ ಮಾಧವಾಚಾರ್ಯರು ಕಾಲನಿರ್ಣಯದಲ್ಲಿಯೂ, ಕಾಶಿಯ ಕಮಲಾಕರಭಟ್ಟನು ಕ್ರಿ. ಶ. ೧೬೧೨ರ ನಿರ್ಣಯಸಿಂಧುವಿನಲ್ಲಿಯೂ, ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಪಂಢರಪುರದ ಕಾಶೀನಾಥೋಪಾಧ್ಯಾಯನು ಧರ್ಮಸಿಂಧುವಿನಲ್ಲಿಯೂ ಇದನ್ನೇ ವಿಸ್ತರಿಸಿದ್ದಾರೆ. ಇವರೆಲ್ಲರ ಮುಖ್ಯ ಸೂತ್ರವು ಒಂದೇ: ಯಾವ ಕರ್ಮಕ್ಕೆ ಯಾವ ಹೊತ್ತು ವಿಹಿತವೋ ಆ ಹೊತ್ತನ್ನು ವ್ಯಾಪಿಸಿದ ತಿಥಿಯೇ ಗ್ರಾಹ್ಯ. ವಿನಾಯಕನ ಚತುರ್ಥಿಗೆ ಮಧ್ಯಾಹ್ನ, ವಿಜಯದಶಮಿಗೆ ಅಪರಾಹ್ಣ, ದೀಪಾವಳಿಯ ಲಕ್ಷ್ಮೀಪೂಜೆಗೆ ಪ್ರದೋಷ, ಶಿವರಾತ್ರಿಗೆ ನಿಶೀಥ, ಸಂಕಷ್ಟಚತುರ್ಥಿಗೆ ಚಂದ್ರೋದಯ. ಬೆಳಗ್ಗೆ ತ್ರಯೋದಶಿಯಿದ್ದ ದಿನವೇ ಶಿವರಾತ್ರಿಯೆಂದು ಪಂಚಾಂಗದಲ್ಲಿ ಕಂಡು ಬೆರಗಾಗುವವರು, ಆ ವ್ರತವು ರಾತ್ರಿಯದೆಂಬುದನ್ನು ಮರೆತವರು.

ಏಕಾದಶಿಯಲ್ಲಿ ತೊಡಕು ಬರುವುದು ಇಲ್ಲಿಯೇ. ಉಪವಾಸಕ್ಕೆ ಹೊತ್ತೆಂಬುದು ಇಲ್ಲ. ಅದು ಇಡೀ ಅಹೋರಾತ್ರವನ್ನು ಆವರಿಸುವ ಕರ್ಮ. ಹಾಗಾದರೆ ಆ ಅಹೋರಾತ್ರವು ಎಲ್ಲಿಂದ ಮೊದಲಾಗುವುದು? ಸೂರ್ಯೋದಯದಿಂದಲೆಂದು ಸ್ಮಾರ್ತರ ಪಕ್ಷ. ಸೂರ್ಯೋದಯಕ್ಕೆ ನಾಲ್ಕು ಘಳಿಗೆ ಮುಂಚಿನ ಅರುಣೋದಯದಿಂದಲೆಂದು ವೈಷ್ಣವರ ಪಕ್ಷ. ಆ ಆರಂಭಕ್ಷಣದಲ್ಲಿ ದಶಮಿಯು ಲೇಶವಾದರೂ ಉಳಿದಿದ್ದರೆ ಆ ಏಕಾದಶಿಯು ವಿದ್ಧೆ, ಎಂದರೆ ದಶಮಿಯಿಂದ ಚುಚ್ಚಲ್ಪಟ್ಟದ್ದು. ಗಾಂಧಾರಿಯು ಇಂತಹ ವಿದ್ಧ ಏಕಾದಶಿಯನ್ನು ಆಚರಿಸಿ ನೂರು ಮಕ್ಕಳನ್ನು ಕಳೆದುಕೊಂಡಳೆಂಬ ಕಥೆಯನ್ನು ನಿಬಂಧಕಾರರು ಎತ್ತಿಹೇಳುವುದು, ಈ ದೋಷವನ್ನು ಹಿಂದಿನವರು ಎಷ್ಟು ಭಯದಿಂದ ನೋಡುತ್ತಿದ್ದರೆಂಬುದಕ್ಕೆ ಸಾಕ್ಷಿ. ನಿಂಬಾರ್ಕ ಸಂಪ್ರದಾಯದವರು ಇನ್ನೂ ಹಿಂದಕ್ಕೆ ಹೋಗಿ ಅರ್ಧರಾತ್ರಿಯ ವೇಧವನ್ನೂ ಬಿಡತಕ್ಕದ್ದೆನ್ನುತ್ತಾರೆ; ಅದಕ್ಕೆ ಕಪಾಲವೇಧವೆಂದು ಹೆಸರು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಮಂಗಳವಾರ ಸೂರ್ಯೋದಯದಿಂದ ೫೭ ಘಳಿಗೆಗಳವರೆಗೆ ದಶಮಿಯಿದೆಯೆನ್ನೋಣ. ಬುಧವಾರದ ಅರುಣೋದಯವು ೫೬ ಘಳಿಗೆಗೆ ಮೊದಲಾಗುತ್ತದೆ. ಅದರೊಳಗೆ ಒಂದು ಘಳಿಗೆ ದಶಮಿಯದು. ಬುಧವಾರದ ಸೂರ್ಯೋದಯದ ವೇಳೆಗೆ ಏಕಾದಶಿ ಬಂದು ಮೂರು ಘಳಿಗೆಯಾಗಿದೆ. ಸ್ಮಾರ್ತನಿಗೆ ಬುಧವಾರವೇ ಶುದ್ಧ ಏಕಾದಶಿ. ವೈಷ್ಣವನಿಗೆ ಅದು ವಿದ್ಧವಾದುದರಿಂದ ಗುರುವಾರ ಉಪವಾಸ. ಇಬ್ಬರ ಕೈಯಲ್ಲಿರುವುದೂ ಒಂದೇ ಪಂಚಾಂಗ. ಗಣಿತದಲ್ಲಿ ಒಂದು ವಿಘಳಿಗೆಯ ಭೇದವೂ ಇಲ್ಲ. ಇದು ಶುದ್ಧವಾದ ಶಾಸ್ತ್ರಭೇದ. ಯಾವ ಗಣಕನೂ ಇದನ್ನು ತಿದ್ದಲಾರನು, ತಿದ್ದಬೇಕಾದುದೂ ಇಲ್ಲ.

ಇದರ ಮೇಲೆ ಏಕಾದಶಿ ಬೆಳೆದಿದೆಯೇ, ದ್ವಾದಶಿ ಬೆಳೆದಿದೆಯೇ, ಎರಡೂ ಬೆಳೆದಿವೆಯೇ, ಎರಡೂ ಇಲ್ಲವೇ ಎಂದು ನಾಲ್ಕು ವಿಕಲ್ಪಗಳನ್ನೂ, ಶುದ್ಧ-ವಿದ್ಧಭೇದದಿಂದ ಅವನ್ನೇ ಎಂಟಾಗಿಯೂ ಮಾಡುತ್ತಾರೆ; ಗೃಹಸ್ಥ-ಯತಿಭೇದವು ಬೇರೆ. ಅವೆಲ್ಲವನ್ನೂ ಇಲ್ಲಿ ಹರಡುವುದು ಅನಗತ್ಯ. ಆದರೆ ಈ ವಿಕಲ್ಪಗಳಲ್ಲಿ ದ್ವಾದಶಿಗೆ ಇಷ್ಟು ಪ್ರಾಧಾನ್ಯವೇಕೆಂಬುದನ್ನು ತಿಳಿಯಬೇಕು. ಏಕಾದಶಿಯ ವ್ರತವು ಉಪವಾಸದಿಂದ ಪೂರ್ಣವಾಗುವುದಿಲ್ಲ. ದ್ವಾದಶಿಯೊಳಗೆ ಪಾರಣೆಯಾದರೆ ಮಾತ್ರ ಪೂರ್ಣ. ಭಾಗವತದ ಒಂಬತ್ತನೆಯ ಸ್ಕಂಧದ ಅಂಬರೀಷೋಪಾಖ್ಯಾನದ ತಿರುಳೇ ಇದು. ಅತಿಥಿಯಾಗಿ ಬಂದ ದುರ್ವಾಸರು ಸ್ನಾನಕ್ಕೆ ಹೋಗಿ ತಡಮಾಡಿದರು; ದ್ವಾದಶಿಯು ಅರ್ಧಮುಹೂರ್ತ ಮಾತ್ರ ಉಳಿಯಿತು. ಅತಿಥಿಯನ್ನು ಬಿಟ್ಟು ಉಂಡರೆ ಒಂದು ಪಾಪ, ದ್ವಾದಶಿಯನ್ನು ಮೀರಿದರೆ ಮತ್ತೊಂದು. ರಾಜನು ನೀರನ್ನು ಮಾತ್ರ ಕುಡಿದು, ಉಂಡಂತೆಯೂ ಉಣ್ಣದಂತೆಯೂ ಆದನು. ಈ ಕಥೆಯನ್ನು ಭಕ್ತನ ಮಹಿಮೆಯೆಂದು ಮಾತ್ರ ತರಗತಿಗಳಲ್ಲಿ ಪಾಠಹೇಳುವುದು ವಾಡಿಕೆ. ತಿಥಿಯ ಅಂತ್ಯವೆಂಬ ಗಡಿಯನ್ನು ವಿವರಿಸದೆ ಹೋದರೆ ರಾಜನ ಸಂಕಟವು ಕೇಳುವವರಿಗೆ ತಿಳಿಯುವುದೇ ಇಲ್ಲ. ದ್ವಾದಶಿಯು ಸೂರ್ಯೋದಯದ ಮೇಲೆ ಅತ್ಯಲ್ಪವಾಗಿ ಉಳಿಯುವ ದಿನಗಳಲ್ಲಿ ನಸುಕಿಗೇ ಎದ್ದು ಪೂಜೆಯನ್ನು ಮುಗಿಸಿ ಪಾರಣೆಮಾಡುವ ಮನೆಗಳು ಇಂದಿಗೂ ಉಂಟು.

ಪ್ರಸಂಗವಶಾತ್ ಒಂದು ಶಬ್ದದ ಮಾತು. ಹರಿದಾಸರ ಪದಗಳಲ್ಲಿ ಹರಿವಾಸರವೆಂದರೆ ಏಕಾದಶಿಯ ದಿನ. ನಿರ್ಣಯಗ್ರಂಥಗಳಲ್ಲಾದರೋ ದ್ವಾದಶಿಯ ಮೊದಲನೆಯ ಪಾದಕ್ಕೂ ಅದೇ ಹೆಸರು. ಆ ಪಾದವು ಕಳೆಯುವವರೆಗೆ ಪಾರಣೆ ಸಲ್ಲದು. ಎರಡನ್ನು ಬೆರಸಿದರೆ, ಹರಿವಾಸರದಲ್ಲಿ ಉಣ್ಣಬಾರದೆಂಬ ವಾಕ್ಯವು ಉಪವಾಸವನ್ನು ವಿಧಿಸುವುದೋ ಪಾರಣೆಯ ಹೊತ್ತನ್ನು ನಿಯಮಿಸುವುದೋ ತಿಳಿಯದೆ ಅರ್ಥವು ಕೆಡುತ್ತದೆ. ರುಕ್ಮಾಂಗದನ ಕಥೆಯಲ್ಲಿ ಮೊದಲನೆಯ ಅರ್ಥ; ಪಂಚಾಂಗದ ಟಿಪ್ಪಣಿಯಲ್ಲಿ ಸಾಮಾನ್ಯವಾಗಿ ಎರಡನೆಯದು.

ಇನ್ನು ಗಣಿತಭೇದ. ಮೇಲಿನ ಉದಾಹರಣೆಯಲ್ಲಿ ದಶಮಿಯು ೫೭ ಘಳಿಗೆಯ ಬದಲು ೫೫ಕ್ಕೆ ಮುಗಿಯುತ್ತದೆಂದು ಬೇರೊಂದು ಪಂಚಾಂಗವು ಹೇಳಿದರೆ, ವೈಷ್ಣವನಿಗೂ ಬುಧವಾರವೇ ಉಪವಾಸವಾಗುವುದು. ಸ್ಮಾರ್ತನ ದಿನವು ಬದಲಾಗಲಿಲ್ಲ. ಎರಡು ಘಳಿಗೆಯಲ್ಲಿ ವೈಷ್ಣವನ ದಿನವು ಬದಲಾಯಿತು. ಇಂತಹ ಭೇದವು ಬರುವುದು ಹೇಗೆ? ಸೂರ್ಯಸಿದ್ಧಾಂತಾದಿ ಪ್ರಾಚೀನ ಗ್ರಂಥಗಳು ಚಂದ್ರನಿಗೆ ಮುಖ್ಯವಾಗಿ ಒಂದೇ ಸಂಸ್ಕಾರವನ್ನು, ಮಂದಫಲವನ್ನು, ಹೇಳಿ, ಅದರ ಪರಮಾವಧಿಯನ್ನು ಸುಮಾರು ಐದು ಅಂಶಗಳೆಂದು ಇಟ್ಟಿವೆ. ಗ್ರಹಣಗಳಿಂದ ಪರೀಕ್ಷಿಸಿದಾಗ ಈ ಸಂಖ್ಯೆಯು ಸರಿಯಾಗಿಯೇ ಬರುತ್ತದೆ. ಏಕೆಂದರೆ ಅಮಾವಾಸ್ಯೆ-ಹುಣ್ಣಿಮೆಗಳಲ್ಲಿ ಚಂದ್ರನ ಎರಡನೆಯ ಮುಖ್ಯ ವಿಷಮತೆಯು ಮೊದಲನೆಯದರಲ್ಲಿ ಅಡಗಿ ಅದನ್ನು ಆರೂಕಾಲು ಅಂಶದಿಂದ ಐದಕ್ಕೆ ಇಳಿಸುತ್ತದೆ. ಅಷ್ಟಮಿಯ ಹತ್ತಿರ ಅದೇ ವಿಷಮತೆಯು ಸೇರಿಕೊಂಡು ಏಳೂವರೆ ಅಂಶಗಳಿಗೆ ಏರಿಸುತ್ತದೆ. ಆದ್ದರಿಂದ ಹಳೆಯ ಗಣಿತವು ಪರ್ವಗಳಲ್ಲಿ ಹೆಚ್ಚು ತಪ್ಪುವುದಿಲ್ಲ. ಅಷ್ಟಮಿಯಿಂದ ಏಕಾದಶಿಯವರೆಗೆ ಎರಡೂವರೆ ಅಂಶಗಳವರೆಗೆ, ಎಂದರೆ ಹನ್ನೆರಡು ಘಳಿಗೆಗಳಷ್ಟು, ತಪ್ಪುವುದುಂಟು. ಯಾವ ವ್ರತಗಳಲ್ಲಿ ಪೂರ್ವತಿಥಿಯ ವೇಧವನ್ನು ಎಳೆಯೆಳೆಯಾಗಿ ನೋಡುತ್ತಾರೋ ಆ ಕೃಷ್ಣಾಷ್ಟಮಿ ಮತ್ತು ಏಕಾದಶಿಗಳಲ್ಲಿಯೇ ಗಣಿತವು ಅತ್ಯಂತ ಶಿಥಿಲವಾಗಿದ್ದುದು ವಿಧಿವಿಲಾಸವೆನ್ನಬೇಕು.

ಈ ಎರಡನೆಯ ಸಂಸ್ಕಾರವು ಭಾರತೀಯರಿಗೆ ತಿಳಿಯದೆ ಇದ್ದುದಲ್ಲ. ಶಕ ೮೫೪ರ, ಎಂದರೆ ಕ್ರಿ. ಶ. ೯೩೨ರ, ಲಘುಮಾನಸದಲ್ಲಿ ಮಂಜುಲನು ಇಂತಹದೊಂದನ್ನು ಹೇಳಿದ್ದನು. ಒಡಿಶಾದ ಸಾಮಂತ ಚಂದ್ರಶೇಖರನು (೧೮೩೫-೧೯೦೪) ಸಿದ್ಧಾಂತದರ್ಪಣದಲ್ಲಿ ಸ್ವಂತ ವೇಧಗಳಿಂದಲೇ ಇವನ್ನು ಸಾಧಿಸಿದನು. ಬಾಗಿಲುಕೋಟೆಯಲ್ಲಿ ನೆಲಸಿದ್ದ ವೇಂಕಟೇಶ ಬಾಪೂಜಿ ಕೇತಕರರು (೧೮೫೪-೧೯೩೦) ಜ್ಯೋತಿರ್ಗಣಿತದಲ್ಲಿ ದೃಗ್ಗಣಿತವನ್ನು ಸಂಸ್ಕೃತ ಕರಣಗ್ರಂಥದ ರೂಪದಲ್ಲಿಯೇ ಒದಗಿಸಿದರು. ಆದರೂ ಪ್ರಾಚೀನ ಪಕ್ಷದವರ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹಳೆಯ ಗಣಿತದಲ್ಲಿ ತಿಥಿಯು ಅರವತ್ತಕ್ಕೆ ಮೇಲೆ ಐದು ಘಳಿಗೆ ಬೆಳೆದು, ಆರು ಘಳಿಗೆ ಕುಗ್ಗುವುದು. ಬಾಣವೃದ್ಧಿ-ರಸಕ್ಷಯವೆಂಬ ವ್ಯವಹಾರ ಇದನ್ನೇ ಹೇಳುತ್ತದೆ. ದೃಗ್ಗಣಿತದಲ್ಲಾದರೋ ಏಳರಷ್ಟು ವೃದ್ಧಿ, ಹತ್ತರಷ್ಟು ಕ್ಷಯ. ನಿಬಂಧಕಾರರು ವ್ಯವಸ್ಥೆಗಳನ್ನು ಮಾಡಿದುದು ಮೊದಲನೆಯ ಮಿತಿಯನ್ನು ನಂಬಿ. ಹತ್ತು ಘಳಿಗೆ ಕುಗ್ಗಿದ ತಿಥಿಗೆ ಅವರ ವಾಕ್ಯಗಳು ಎಲ್ಲ ಕಡೆಯೂ ಹೊಂದಲಾರವೆಂದು ಅವರ ವಾದ. ಈ ಮಾತಿನಲ್ಲಿ ಹುರುಳಿದೆ. ಆದರೆ ಗ್ರಹಣಕ್ಕೆ ಮಾತ್ರ ಆಕಾಶವನ್ನು ನೋಡಿ ಉಪವಾಸಕ್ಕೆ ಪುಸ್ತಕವನ್ನು ನೋಡುವುದು, ಆಕಾಶವನ್ನು ನೋಡಿಯೇ ತಮ್ಮ ಸಂಖ್ಯೆಗಳನ್ನು ನಿಲ್ಲಿಸಿದ ಆ ಪ್ರಾಚೀನರ ಪದ್ಧತಿಯಾಗಲಾರದು. ಹೊಂದದ ವಾಕ್ಯಗಳಿಗೆ ಹೊಸ ವ್ಯವಸ್ಥೆಯನ್ನು ಮಾಡುವುದು ಧರ್ಮಶಾಸ್ತ್ರಿಗಳ ಕೆಲಸ. ಅದಕ್ಕಾಗಿ ಚಂದ್ರನನ್ನು ಅಲ್ಲಿಲ್ಲದ ಕಡೆ ಇಡುವುದು ಯುಕ್ತವಲ್ಲ.

ಮೂರನೆಯ ಕಾರಣವಾದ ದೇಶಭೇದವನ್ನು ಪಂಡಿತರೂ ಮರೆಯುತ್ತಾರೆ. ತಿಥಿಯ ಅಂತ್ಯವು ಎಲ್ಲ ಊರಿಗೂ ಏಕಕಾಲದಲ್ಲಿ ಆಗುವುದು, ಸೂರ್ಯೋದಯವು ಹಾಗಲ್ಲ. ಅಕ್ಷಾಂಶದ ಭೇದವನ್ನು ಬಿಟ್ಟರೂ, ಕಲ್ಕತ್ತೆಗೂ ಉಡುಪಿಗೂ ರೇಖಾಂತರದಿಂದಲೇ ಎರಡೂಕಾಲು ಘಳಿಗೆಯ ಅಂತರವಿದೆ; ಬೆಂಗಳೂರಿಗೂ ಉಡುಪಿಗೂ ಅರ್ಧ ಘಳಿಗೆಗೆ ಸ್ವಲ್ಪ ಕಡಮೆ. ಪೂರ್ವದ ಊರಿನಲ್ಲಿ ಸೂರ್ಯನು ಮೊದಲು ಹುಟ್ಟುವುದರಿಂದ ಅಲ್ಲಿ ದಶಮಿಯ ವೇಧವಿದ್ದು, ಅದೇ ದಿನ ಪಶ್ಚಿಮದ ಊರಿನಲ್ಲಿ ಏಕಾದಶಿಯು ಶುದ್ಧವಾಗಿರಬಹುದು. ೧೯೫೨ರಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಪಂಚಾಂಗಸಂಸ್ಕಾರ ಸಮಿತಿಯು ೧೯೫೫ರಲ್ಲಿ ವರದಿಯನ್ನು ಕೊಟ್ಟು, ೧೯೫೭ರಿಂದ ರಾಷ್ಟ್ರೀಯ ಪಂಚಾಂಗವು ಹೊರಟಿತು. ಅದರ ಗಣಿತವು ದೃಕ್ಸಿದ್ಧವಾದುದರಿಂದ ಎರಡನೆಯ ಕಾರಣಕ್ಕೆ ಅದು ಒಳ್ಳೆಯ ಪರಿಹಾರವೇ. ಆದರೆ ಅದು ಹಿಡಿದ ಮಧ್ಯಸ್ಥಾನದ ರೇಖೆಯು ೮೨ ಅಂಶ ೩೦ ಕಲೆ. ಉಡುಪಿಯವನು ಅಲ್ಲಿಯ ಸೂರ್ಯೋದಯವನ್ನು ತನ್ನದೆಂದು ಎಣಿಸಿದರೆ ಒಂದೂಕಾಲು ಘಳಿಗೆಗೂ ಮೇಲಾಗಿ ತಪ್ಪುವನು. ದೇಶಕ್ಕೆಲ್ಲ ಒಂದೇ ರಜಾದಿನವನ್ನು ಗೊತ್ತುಮಾಡುವುದು ರಾಜ್ಯಾಡಳಿತದ ಅನುಕೂಲ. ಶಾಸ್ತ್ರದಲ್ಲಿ ವ್ರತದ ದಿನವು ವ್ರತಿಯು ನಿಂತ ನೆಲದ ಸೂರ್ಯೋದಯಕ್ಕೆ ಸೇರಿದುದು.

ಇವು ಹೊತ್ತುಕಳೆಯುವ ವಾದಗಳಲ್ಲವೆಂಬುದಕ್ಕೆ ಶ್ರಾದ್ಧವೇ ನಿದರ್ಶನ. ಏಕಾದಶಿಯಂದು ಬಂದ ಶ್ರಾದ್ಧವನ್ನು ಸ್ಮಾರ್ತರು ಅಂದೇ ಮಾಡಿ, ಕರ್ತೃವು ಪಿತೃಶೇಷವನ್ನು ಉಣ್ಣದೆ ಆಘ್ರಾಣಿಸುವನು. ಮಾಧ್ವರು ದ್ವಾದಶಿಗೆ ಮುಂದೂಡುವರು. ಉಪವಾಸದ ದಿನವು ಸರಿದರೆ ಅದರೊಡನೆ ತಂದೆಯ ಶ್ರಾದ್ಧವೂ ಸರಿಯುತ್ತದೆ. ವರ್ಷಕ್ಕೊಮ್ಮೆ ಬರುವ ಆ ಕರ್ಮವು ತಪ್ಪಿತೇ ಎಂಬ ಶಂಕೆಯು ಮಗನಿಗೆ ಮುಂದಿನ ವರ್ಷದವರೆಗೂ ಉಳಿಯುತ್ತದೆ.

ಶಾಸನಗಳ ಕಾಲವನ್ನು ಪರಿಶೋಧಿಸುವವರಿಗೂ ಈ ವಿವೇಕವು ಬೇಕು. ಬಾದಾಮಿಯ ವಿಷ್ಣುಗುಹೆಯಲ್ಲಿರುವ ಮಂಗಲೇಶನ ಶಾಸನದ ತಿಥಿಯು ಶಕ ೫೦೦ರ ಮಹಾಕಾರ್ತಿಕ ಪೌರ್ಣಮಾಸಿ. ಅದು ಪರ್ವವಾದುದರಿಂದ ಹಳೆಯ ಹೊಸ ಗಣಿತಗಳಿಗೆ ಅಲ್ಲಿ ಹೆಚ್ಚು ಭೇದವಿಲ್ಲ. ಅಷ್ಟಮಿಯನ್ನೋ ಏಕಾದಶಿಯನ್ನೋ ವಾರದೊಡನೆ ಹೇಳುವ ಶಾಸನವನ್ನು ಈಗಿನ ದೃಗ್ಗಣಿತದಿಂದ ಮಾತ್ರ ನೋಡಿದರೆ ವಾರವು ಒಂದು ದಿನ ತಪ್ಪಿದಂತೆ ಕಾಣಬಹುದು. ಬರೆಸಿದವನ ಜೋಯಿಸನು ಹಿಡಿದುದು ಸಿದ್ಧಾಂತಗಣಿತವನ್ನು. ಅದರಂತೆ ೧೮೯೬ರಲ್ಲಿ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು ಕಟ್ಟಿಕೊಟ್ಟ ಕೋಷ್ಟಕಗಳಿಂದ ಲೆಕ್ಕಹಾಕಿ, ದಾನದ ಹೊತ್ತಿನಲ್ಲಿದ್ದ ತಿಥಿಯನ್ನೂ ಉದಯತಿಥಿಯನ್ನೂ ಎರಡನ್ನೂ ನೋಡಿದ ಮೇಲೆಯೇ, ವಾರವು ಕೂಡದ ಶಾಸನವನ್ನು ಕೂಟಶಾಸನವೆಂದು ಶಂಕಿಸತಕ್ಕದ್ದು.