ಕಂಬಳದ ಕೋಣಗಳಿಗೂ ಒಂದು ಲೆಕ್ಕಪುಸ್ತಕ

ಬೋರ್ಡೋ ದ್ರಾವಣ ಸಿಂಪಡಿಸಿದ ತಾರೀಕು, ಅಡಿಕೆ ಕೊಯ್ಲಿನ ತೂಕ, ಕಾಫಿ ಗಿಡಕ್ಕೆ ಗೊಬ್ಬರ ಕೊಟ್ಟ ದಿನ ಇವನ್ನೆಲ್ಲ ಬರೆದಿಡಬೇಕೆಂದು ಬೆಳೆಗಾರರಾದ ನಮಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಹಾಗಿದ್ದರೂ ಹಟ್ಟಿಯಲ್ಲಿ ಕಟ್ಟಿದ ಕಂಬಳದ ಕೋಣಗಳ ವಿಷಯ ಬಂದಾಗ ಮಾತ್ರ ನಾವು ಬಾಯಿಲೆಕ್ಕವನ್ನೇ ನಂಬುತ್ತೇವೆ. ಸೋತರೆ ಓಟಗಾರನ ತಪ್ಪು, ಗೆದ್ದರೆ ಮನೆಯ ದೈವದ ಕೃಪೆ. ನಮ್ಮ ಮನೆಯಲ್ಲಿಯೂ ಬಹುಕಾಲ ಹೀಗೆಯೇ ನಡೆದುಬಂದಿತ್ತು. ಅದು ಹೇಗೆ ಬದಲಾಯಿತೆಂಬುದನ್ನು, ಅದರಲ್ಲಿ ನಮ್ಮಿಂದಾದ ತಪ್ಪನ್ನೂ ಸೇರಿಸಿ, ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

2014ರ ಮೇ 7ರ ಸುಪ್ರೀಂ ಕೋರ್ಟಿನ ತೀರ್ಪಿನ ಬಳಿಕ ಕಂಬಳ ನಿಂತುಹೋದಾಗ ನಮ್ಮ ಹಟ್ಟಿಯೂ ಬರಿದಾಯಿತು. ರಾಜ್ಯದ 2017ರ ತಿದ್ದುಪಡಿಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತು ಕರೆಗಳಿಗೆ ಮತ್ತೆ ಜೀವ ಬಂತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಈ ನಡುವೆ ಅಣ್ಣನವರ ಹಟಕ್ಕೆ ಕಟ್ಟುಬಿದ್ದು ಪಾಂಡು, ಕುಟ್ಟಿ ಎಂಬ ಜೋಡಿಯನ್ನು ತಂದೆವು. ನೇಗಿಲು ಕಿರಿಯ ವಿಭಾಗದಲ್ಲಿ ಓಡಿಸತೊಡಗಿದೆವು. ಹುರುಳಿ, ಎಣ್ಣೆ, ಲಾರಿ ಬಾಡಿಗೆ, ಆಳುಗಳ ಸಂಬಳ ಇವುಗಳ ಒಟ್ಟು ಮೊತ್ತವನ್ನು ಇಲ್ಲಿ ಬರೆದರೆ ಮನೆಯ ಹೆಂಗಸರು ಈ ಸಂಚಿಕೆಯನ್ನು ಒಲೆಗೆ ಹಾಕಿಯಾರು.

ಬರೆದಿಡುವ ಪದ್ಧತಿಯನ್ನು ಆರಂಭಿಸಿದವಳು ತಮ್ಮನ ಮಗಳು. ಅಡಿಕೆ ಧಾರಣೆ ಬರೆಯುವ ನಮ್ಮ ಪುಸ್ತಕದ ಹಿಂಬದಿಯಲ್ಲಿ ಕಂಬಳದ ಸಮಯಗಳನ್ನು ಗೀಚಿಟ್ಟಿದ್ದುದು ಅವಳ ಕಣ್ಣಿಗೆ ಬಿತ್ತು. ಅದನ್ನೆಲ್ಲ ಕಂಪ್ಯೂಟರಿನ ಎಕ್ಸೆಲ್ ಹಾಳೆಗೆ ಏರಿಸಿದಳು. ಈಗ ಜೋಡುಕರೆಗಳಲ್ಲಿ ಯಂತ್ರದ ಮೂಲಕವೇ ಸಮಯ ಅಳೆಯುವುದರಿಂದ ಸೆಕೆಂಡಿನ ನೂರನೆಯ ಒಂದು ಭಾಗದವರೆಗೆ ಲೆಕ್ಕ ಸಿಗುತ್ತದೆ. ಮಾಹಿತಿಗೆ ಕೊರತೆಯಿಲ್ಲ, ಅದನ್ನು ಓದುವುದರಲ್ಲಿಯೇ ನಾವು ಮೊದಲು ಎಡವಿದೆವು.

ಹಾಳೆಯನ್ನು ನೋಡಿದರೆ ಋತು ಕಳೆದಂತೆ ನಮ್ಮ ಕೋಣಗಳು ನಿಧಾನವಾಗುತ್ತಿವೆ ಎಂದು ಕಾಣುತ್ತಿತ್ತು. ಆದರೆ ಎಲ್ಲ ಕರೆಗಳೂ ಒಂದೇ ಉದ್ದವಲ್ಲವಷ್ಟೆ. 125 ಮೀಟರಿನ ಕರೆಯಲ್ಲಿ 12.50 ಸೆಕೆಂಡು ಎಂದರೆ ನೂರು ಮೀಟರಿಗೆ 10.00, 140 ಮೀಟರಿನ ಕರೆಯಲ್ಲಿ 13.72 ಸೆಕೆಂಡು ಎಂದರೆ 9.80. ಬರಿಯ ಸೆಕೆಂಡನ್ನು ನೋಡಿದವನಿಗೆ ಎರಡನೆಯದೇ ಕಳಪೆ ಓಟ! 2020ರ ಫೆಬ್ರವರಿಯಲ್ಲಿ ಐಕಳದ ಕರೆಯಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದಾಗ ಪತ್ರಿಕೆಗಳು ಮಾಡಿದ್ದೂ ಇದೇ ಭಾಗಾಕಾರ. ಅದನ್ನು ಉಸೇನ್ ಬೋಲ್ಟರ 9.58ರ ಪಕ್ಕದಲ್ಲಿಟ್ಟು ಕುಣಿದದ್ದು ಮಾತ್ರ ಅತಿಯಾಯಿತೆಂದು ನಮ್ಮ ಅಭಿಪ್ರಾಯ. ಕೋಣ ಎಳೆಯುವ ಓಟಕ್ಕೂ ಒಂಟಿಯಾಗಿ ಓಡುವ ಓಟಕ್ಕೂ ಎಲ್ಲಿಯ ಹೋಲಿಕೆ?

ನೂರು ಮೀಟರಿಗೆ ಇಳಿಸಿದರೂ ತೊಡಕು ತೀರಲಿಲ್ಲ. ಒಂದು ಕರೆಯಲ್ಲಿ ಕೆಸರು ಹೆಚ್ಚು, ಇನ್ನೊಂದರಲ್ಲಿ ನೀರು ಹೆಚ್ಚು. ಆಗ ಹುಡುಗಿ ಒಂದು ಉಪಾಯ ಮಾಡಿದಳು. ಅದೇ ದಿನ, ಅದೇ ಕರೆಯಲ್ಲಿ, ನಮ್ಮದೇ ವಿಭಾಗದ ಅತಿ ವೇಗದ ಓಟವನ್ನು ನೂರು ಎಂದಿಟ್ಟುಕೊಂಡು ನಮ್ಮ ಓಟ ಎಷ್ಟೆಂದು ಲೆಕ್ಕಹಾಕಿದಳು. ಅವರದು 12.00, ನಮ್ಮದು 12.60 ಆದರೆ ನಮ್ಮ ಅಂಕ 105. ಇದರಲ್ಲಿ ಕೆಸರು, ನೀರು, ಉದ್ದ ಎಲ್ಲವೂ ಎರಡೂ ಕಡೆಗೆ ಸರಿಸಮನಾಗಿ ಬಿದ್ದುಹೋಗುತ್ತವೆ. (ಕನೆಹಲಗೆಯವರಿಗೆ ಈ ಲೆಕ್ಕ ಹೊಂದದು, ಅಲ್ಲಿ ನೀರು ನಿಶಾನೆಗೆ ಹಾಯುವುದೇ ಮುಖ್ಯ.)

2023-24ರ ಋತುವಿನಲ್ಲಿ ನಾವು ಹನ್ನೊಂದು ಕಂಬಳಗಳಿಗೆ ಹೋದೆವು. ನಾಲ್ಕನೆಯದರಲ್ಲಿ ಮೊದಲ ಸುತ್ತಿನಲ್ಲಿಯೇ ಸೋತು ಬಂದಾಗ ಅಣ್ಣನವರು ಲಾರಿಯಿಂದ ಇಳಿಯುವ ಮೊದಲೇ, "ಆ ಹುಡುಗನಿಗೆ ಕೈ ಹಿಡಿತವಿಲ್ಲ, ಬೇರೆಯವರನ್ನು ನೋಡುವ" ಎಂದರು. ನಾವೂ ತಲೆಯಾಡಿಸಿದೆವು. ಎರಡು ವರ್ಷ ನಮ್ಮ ಕೋಣಗಳನ್ನು ಓಡಿಸಿದ ಓಟಗಾರನಿಗೆ ಫೋನಿನಲ್ಲಿಯೇ ಬೇಡವೆಂದು ಹೇಳಿಬಿಟ್ಟೆವು. ಹೊಸಬ ಬಂದ. ಫಲ ಮೊದಲಿನಂತೆಯೇ. ಇನ್ನು ತಪ್ಪು ಕುಟ್ಟಿಯದೇ ಎಂದಾಯಿತು. ಕೊಳ್ಳುವವರೊಬ್ಬರು ಬಂದು ನೋಡಿ ಬೆಲೆ ಕಟ್ಟಿದರು. ಮುಂಗಡ ತೆಗೆದುಕೊಳ್ಳುವುದಷ್ಟೇ ಬಾಕಿ.

"ದೊಡ್ಡಪ್ಪ, ಎರಡು ದಿನ ತಡೆಯಿರಿ, ಇದನ್ನೊಮ್ಮೆ ನೋಡಿ" ಎಂದು ಹುಡುಗಿ ಹಾಳೆಯನ್ನು ತೋರಿಸಿದಳು. ಎರಡು ಕಂಬಳಗಳ ನಡುವೆ ಎರಡು ವಾರ ಬಿಡುವು ಇದ್ದಾಗ ನಮ್ಮ ಅಂಕ 103ರಿಂದ 105. ವಾರ ವಾರವೂ ಇಳಿಸಿದಾಗ 107ರಿಂದ 109. ಓಟಗಾರ ಯಾರೇ ಇರಲಿ, ಲೆಕ್ಕ ಹೀಗೆಯೇ. ಹನ್ನೊಂದು ಸಾಲುಗಳಿಂದ ಸತ್ಯವೆಂದು ಸಾರಲಾಗದು. ಆದರೆ ಮುಂಗಡವನ್ನು ತಡೆಹಿಡಿಯಲು ಅಷ್ಟು ಸಾಕಾಯಿತು.

ಮತ್ತೆ ಮೊಬೈಲಿನ ವಿಡಿಯೋಗಳನ್ನು ಹಿಡಿದು ಕುಳಿತೆವು. ಮನೆಯ ಕರೆಯಲ್ಲಿ ಕುದಿ ಓಡಿಸುವಾಗ ನಟ್ಟನಡುವೆ ಒಂದು ಬಿದಿರಿನ ಗಳು ನೆಟ್ಟಿದ್ದೆವು. ನಮ್ಮ ಮೊಬೈಲು ಸೆಕೆಂಡಿಗೆ 30 ಚಿತ್ರಗಳನ್ನು ಹಿಡಿಯುತ್ತದೆ. ಒಂದೊಂದೇ ಚಿತ್ರ ಸರಿಸಿ ಎಣಿಸಬಹುದು. ನವೆಂಬರಿನಲ್ಲಿ ಗಂತಿನಿಂದ ಗಳುವಿನವರೆಗೆ 156 ಚಿತ್ರ, ಅಲ್ಲಿಂದ ಮಂಜೊಟ್ಟಿಗೆ 162. ಜನವರಿಯ ಕೊನೆಯಲ್ಲಿ ಮೊದಲರ್ಧ 157, ಎರಡನೆಯರ್ಧ 176. ಬಿಡುವಾಗ ತಪ್ಪಿಲ್ಲ, ಹಿಡಿತದಲ್ಲಿ ತಪ್ಪಿಲ್ಲ; ಕೊನೆಯ ಭಾಗದಲ್ಲಿ ಅರ್ಧ ಸೆಕೆಂಡಿನಷ್ಟು ದಮ್ಮು ಹೋಗುತ್ತಿತ್ತು.

ದಮ್ಮು ಎಲ್ಲಿ ಹೋಯಿತು? ಕೋಣವನ್ನು ತಕ್ಕಡಿಗೆ ಏರಿಸಲಾಗದಿದ್ದರೂ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಗೆಣ್ಣಿನಿಂದ ಪೃಷ್ಠದ ಮೂಳೆಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ಹಿಡಿಯಬೇಕು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿದರೆ ಕಿಲೋ ತೂಕದ ಅಂದಾಜು ಸಿಗುತ್ತದೆ. ನಿಖರವಲ್ಲ, ಆದರೆ ಏರಿಳಿತ ತಿಳಿಯುತ್ತದೆ. ಕುಟ್ಟಿಯ ಸುತ್ತಳತೆ ನವೆಂಬರಿನಲ್ಲಿ 195, ಉದ್ದ 145. ಅಂದರೆ ಸುಮಾರು 509 ಕಿಲೋ. ಜನವರಿಯ ಕೊನೆಯಲ್ಲಿ ಸುತ್ತಳತೆ 190, ತೂಕ 483. ಪಾಂಡುವಿನದು ಇಳಿಯಲೇ ಇಲ್ಲ, ಬದಲಿಗೆ ಒಂದು ಬೆರಳು ಏರಿತ್ತು!

ಕಾರಣ ಹುಡುಕಲು ಯಾವ ಕಂಪ್ಯೂಟರೂ ಬೇಕಾಗಲಿಲ್ಲ. ಸಂಜೆ ಹಟ್ಟಿಯಲ್ಲಿ ನಿಂತು ನೋಡಿದೆವು. ಬೇಯಿಸಿದ ಹುರುಳಿಯನ್ನು ಎರಡಕ್ಕೂ ಒಂದೇ ಮರಿಗೆಯಲ್ಲಿ ಸುರಿಯುತ್ತಿದ್ದರು. ಪಾಂಡು ಗಬಗಬನೆ ತನ್ನದನ್ನು ಮುಗಿಸಿ, ತಲೆ ಹಾಕಿ ಕುಟ್ಟಿಯ ಪಾಲಿಗೂ ಬಾಯಿ ಇಡುತ್ತಿದ್ದ. ಪಶುವೈದ್ಯರು ಬಂದು ಕುಟ್ಟಿಯನ್ನು ಪರೀಕ್ಷಿಸಿ ರೋಗವೇನೂ ಇಲ್ಲವೆಂದರು. ಮರುದಿನವೇ ಮರಿಗೆ ಎರಡಾಯಿತು.

2024-25ರಲ್ಲಿ ವಾರ ವಾರ ಹೋಗುವುದನ್ನು ಬಿಟ್ಟು ಆರೇ ಕಂಬಳಗಳಿಗೆ ಹೋದೆವು. ಕರೆಯಲು ಬಂದವರಲ್ಲಿ ಕೆಲವರಿಗೆ ಬೇಸರವಾಯಿತು, ಅದು ಸಹಜ. ಪದಕ ಬರಲಿಲ್ಲ. ಎರಡು ಕಡೆ ಸೆಮಿಫೈನಲ್ ತಲುಪಿದೆವು, ಅಂಕ ಒಮ್ಮೆಯೂ 104 ದಾಟಲಿಲ್ಲ. ಕುಟ್ಟಿ ಇನ್ನೂ ನಮ್ಮ ಹಟ್ಟಿಯಲ್ಲಿಯೇ ಇದ್ದಾನೆ. ಅಂಕಣಗಳು ಹೆಚ್ಚಬಾರದೆಂಬುದು ಮಾತ್ರ ನಮ್ಮ ಅನುಭವ. ಮೊದಲು ಇಪ್ಪತ್ತಮೂರು ಇದ್ದವು, ತುಂಬಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಈಗ ತಾರೀಕು, ಕರೆ, ಉದ್ದ, ನಮ್ಮ ಸಮಯ, ಆ ದಿನದ ಉತ್ತಮ ಸಮಯ, ಬಿಡುವಿನ ದಿನಗಳು, ಸುತ್ತಳತೆ, ಓಟಗಾರನ ಹೆಸರು, ಇಷ್ಟೇ.

ಆ ಕೊನೆಯ ಅಂಕಣವೇ ನಮ್ಮನ್ನು ಕುಟುಕಿದ್ದು. ಮಳೆ ಹಿಡಿಯುವ ಮೊದಲು ಅಣ್ಣನವರೂ ನಾವೂ ಒಂದು ಗೊನೆ ಬಾಳೆಹಣ್ಣು ಹಿಡಿದುಕೊಂಡು ಹಳೆಯ ಓಟಗಾರನ ಮನೆಗೆ ಹೋದೆವು. ಅವನಾಗಲೇ ಬೇರೊಂದು ಮನೆಯ ಕೋಣಗಳಿಗೆ ಒಪ್ಪಿಕೊಂಡಿದ್ದ. ಅಣ್ಣನವರಿಗೆ ಮಾತು ಹೊರಡಲಿಲ್ಲ. ತಪ್ಪಾಯಿತೆಂದು ನಾವೇ ಹೇಳಿದೆವು. ಅವನು ಬೆಲ್ಲ ನೀರು ತರಿಸಿ ಕುಡಿಯಲು ಕೊಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹಾಳೆಯಲ್ಲಿ ನಾನು ಓಡಿಸಿದ್ದೆಲ್ಲ ಉಂಟಾ ಧನಿ? ನನಗೊಂದು ಪ್ರತಿ ಬೇಕಿತ್ತು" ಎಂದ. ಹುಡುಗಿ ಮರುದಿನವೇ ಮುದ್ರಿಸಿ ಕಳುಹಿಸಿಕೊಟ್ಟಳು.