ಮಾತು ಮೊದಲು, ಪುಸ್ತಕ ಆಮೇಲೆ: ಧಾರವಾಡದ ಪ್ರಸಾರಾಂಗ ಬೆಳೆದ ಬಗೆ

ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಕುಮಾರವ್ಯಾಸನ ಕೋಳಿವಾಡವೂ ಅಲ್ಲಿಗೆ ದೂರವೇನಲ್ಲ. ಕನ್ನಡ ಕಾವ್ಯಕ್ಕೆ ಇಂಥ ಹಿರಿಯರನ್ನು ಕೊಟ್ಟ ಈ ಎರೆಸೀಮೆಯ ಹಳ್ಳಿಗಳಿಗೆ ಅಚ್ಚಾದ ಪುಸ್ತಕ ಮಾತ್ರ ಬಹುಕಾಲ ಕೈಗೆಟುಕದ ವಸ್ತುವಾಗಿಯೇ ಇತ್ತು. ನವಲಗುಂದ ಮುಂಬೈ ಪ್ರಾಂತ್ಯದಲ್ಲಿ, ಕುಂದಗೋಳ ಜಮಖಂಡಿ ಸಂಸ್ಥಾನದಲ್ಲಿ ಹಂಚಿಹೋಗಿದ್ದ ಕಾಲ ಅದು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರಿಗೂ ಪದವಿ ಬರುತ್ತಿದ್ದುದು ಮುಂಬೈ ವಿಶ್ವವಿದ್ಯಾಲಯದಿಂದ.

ಪುಸ್ತಕದ ಕೊರತೆ ನೀಗಿಸಲು ಮೊದಲು ಮುಂದಾದವರು ಕನ್ನಡದ ಅಭಿಮಾನಿಗಳೇ. ರಾ.ಹ. ದೇಶಪಾಂಡೆಯವರು 1890ರಲ್ಲಿ ಕಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಕನ್ನಡ ಗ್ರಂಥಗಳ ರಚನೆಗೆ ಒತ್ತಾಸೆಯಾಗಿ ನಿಂತಿತು. 1933ರಲ್ಲಿ ಮನೋಹರ ಗ್ರಂಥಮಾಲೆ ಶುರುವಾಯಿತು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಹುಟ್ಟಿ, ಮರುವರ್ಷ ಧಾರವಾಡಕ್ಕೆ ಬಂತು. ಅದರೊಂದಿಗೆ, ಜನರ ತೆರಿಗೆ ಹಣದಲ್ಲಿ ನಡೆಯುವ ಸಂಸ್ಥೆಯೊಂದು ಪುಸ್ತಕದ ಹೊಣೆ ಹೊರುವ ಕಾಲವೂ ಬಂತು.

ಆದರೆ ಆಗ ಓದುವವರೆಷ್ಟು ಜನ? 1951ರ ಜನಗಣತಿಯ ಪ್ರಕಾರ ದೇಶದಲ್ಲಿ ಅಕ್ಷರ ಬಲ್ಲವರು ಶೇ 18ರಷ್ಟು ಮಾತ್ರ. ಪುಸ್ತಕ ಅಚ್ಚು ಹಾಕಿ ಕುಳಿತರೆ ಅದು ಹಳ್ಳಿ ತಲುಪುವ ಹಾಗಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯ 1930ರ ದಶಕದಲ್ಲೇ ಇದಕ್ಕೊಂದು ದಾರಿ ಕಂಡುಕೊಂಡಿತ್ತು. ಅಲ್ಲಿನ ಅಧ್ಯಾಪಕರು ಊರೂರಿಗೆ ಹೋಗಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು. ಆ ಮಾತುಗಳೇ ಆಮೇಲೆ ಕಿರುಹೊತ್ತಿಗೆಗಳಾಗುತ್ತಿದ್ದವು. ಧಾರವಾಡವೂ ಇದೇ ಹಾದಿ ಹಿಡಿಯಿತು. ವ್ಯಾಸಂಗ ವಿಸ್ತರಣ ಉಪನ್ಯಾಸಗಳು ನಡೆದವು, ಅವುಗಳ ಬೆನ್ನಿಗೇ ಉಪನ್ಯಾಸ ಗ್ರಂಥಮಾಲೆ ಬೆಳೆಯಿತು.

ಈ ಕೆಲಸಕ್ಕೆ ವಿಶ್ವವಿದ್ಯಾಲಯ 1952ರಲ್ಲಿ ಆರಿಸಿಕೊಂಡದ್ದು ಆಗಷ್ಟೇ ಎಂ.ಎ. ಮುಗಿಸಿದ್ದ 24ರ ತರುಣ ಕವಿಯನ್ನು. ಹೊಂಬಳದ ರೈತಾಪಿ ನೆಲದಿಂದ ಬಂದ ಚೆನ್ನವೀರ ಕಣವಿಯವರು ಮೊದಲು ಕಾರ್ಯದರ್ಶಿಯಾದರು. 1956ರಲ್ಲಿ ವಿಶ್ವವಿದ್ಯಾಲಯದ ಉಪನ್ಯಾಸ, ಪ್ರಕಟಣೆಗಳ ವಿಭಾಗವಾದ ಪ್ರಸಾರಾಂಗದ ನಿರ್ದೇಶಕರಾಗಿ, 1983ರಲ್ಲಿ ನಿವೃತ್ತರಾಗುವವರೆಗೂ ಅದನ್ನು ನಡೆಸಿದರು. ಕವಿಯಾಗಿ ಅವರನ್ನು ನಾಡೆಲ್ಲ ಬಲ್ಲದು. ಬೇರೆಯವರ ಬರಹ ತಿದ್ದಿ, ಕರಡಚ್ಚು ನೋಡಿ, ಪುಸ್ತಕ ಹೊರತರುವ ಮನೆಯೊಂದನ್ನು ಮೂರು ದಶಕ ಕಾದವರು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

1954ರಿಂದ 1967ರವರೆಗೆ ಕುಲಪತಿಯಾಗಿದ್ದ ಡಿ.ಸಿ. ಪಾವಟೆ ಕೇಂಬ್ರಿಜ್‌ನಲ್ಲಿ ಗಣಿತ ಓದಿ ಬಂದವರು. ಆ ವಿಶ್ವವಿದ್ಯಾಲಯಕ್ಕೆ ಪುಸ್ತಕ ಮುದ್ರಿಸುವ ಪರವಾನಗಿಯನ್ನು ದೊರೆ ಎಂಟನೆಯ ಹೆನ್ರಿ ಕೊಟ್ಟದ್ದು 1534ರಲ್ಲಿ. ಅಲ್ಲಿ ನಾಲ್ಕು ಶತಮಾನಗಳ ಅಚ್ಚಿನ ಪರಂಪರೆ ಇತ್ತು. ಇಲ್ಲಿ ಎಲ್ಲವನ್ನೂ ಬುನಾದಿಯಿಂದ ಕಟ್ಟಬೇಕಿತ್ತು. ಪಾವಟೆಯವರ ಹದಿಮೂರು ವರ್ಷಗಳಲ್ಲಿ ಆ ಬುನಾದಿ ಗಟ್ಟಿಯಾಯಿತು.

ಗ್ರಂಥಮಾಲೆಯ ಒಂದು ಹೊತ್ತಿಗೆ ಕೈಗೆತ್ತಿಕೊಂಡು ನೋಡಿ. ತೆಳುವಾದದ್ದು, ಒಂದೇ ವಿಷಯ, ಒಬ್ಬರೇ ಲೇಖಕರು, ಒಂದೆರಡು ಸಂಜೆಯಲ್ಲಿ ಓದಿ ಮುಗಿಯುವಷ್ಟು ಪುಟ. ಸಾಹಿತ್ಯವಿರಲಿ, ಇತಿಹಾಸವಿರಲಿ, ವಿಜ್ಞಾನವಿರಲಿ, ಎದುರಿಗೆ ಕುಳಿತವರಿಗೆ ತಿಳಿಯುವಂತೆ ಹೇಳುವುದೇ ಅದರ ಕಟ್ಟಳೆ. ಕೇಳುವವರು ಮುಂದಿದ್ದಾಗ ಪಂಡಿತರೂ ವಾಕ್ಯವನ್ನು ಚಿಕ್ಕದು ಮಾಡುತ್ತಾರೆ, ಕಣ್ಣೆದುರಿನ ಉದಾಹರಣೆ ಹುಡುಕುತ್ತಾರೆ. ಕನ್ನಡದಲ್ಲಿ ಶಾಸ್ತ್ರ ಹೇಳಲು ಬರುತ್ತದೆಯೇ ಎಂಬ ಅನುಮಾನಕ್ಕೆ ಈ ಹೊತ್ತಿಗೆಗಳು ವಾದ ಮಾಡದೆಯೇ ಉತ್ತರ ಕೊಟ್ಟವು.

ಇದರ ಜೊತೆಗೆ ವಿಶ್ವವಿದ್ಯಾಲಯ ಭಾರವಾದ ಕೆಲಸಕ್ಕೂ ಕೈ ಹಾಕಿತು. ಆರ್.ಸಿ. ಹಿರೇಮಠರು ಹಸ್ತಪ್ರತಿಗಳನ್ನು ಹೋಲಿಸಿ ಸಂಪಾದಿಸಿದ ವಚನ ಸಂಪುಟಗಳು ಬಂದವು. ‘ಶೂನ್ಯಸಂಪಾದನೆ’ಯ ಇಂಗ್ಲಿಷ್ ಅನುವಾದ 1965ರಿಂದ 1972ರವರೆಗೆ ಐದು ಸಂಪುಟಗಳಲ್ಲಿ ಹೊರಬಂತು. ಶಿ.ಚೆ. ನಂದೀಮಠ, ಹಿರೇಮಠ, ಸಂ.ಶಿ. ಭೂಸನೂರಮಠ, ಎಂ.ಎಸ್. ಸುಂಕಾಪುರರಂಥ ಕನ್ನಡ ವಿದ್ವಾಂಸರೂ ಇಂಗ್ಲಿಷ್ ಕವಿ ಅರ್ಮಾಂಡೊ ಮೆನೆಜಿಸ್ ಅವರೂ ಕೂಡಿ ಮಾಡಿದ ಕೆಲಸವದು. ಅಲ್ಲಮ, ಅಕ್ಕ, ಬಸವಣ್ಣರ ಸಂವಾದವನ್ನು ಕನ್ನಡ ಬಾರದ ಓದುಗರ ಮುಂದಿಟ್ಟದ್ದು ಧಾರವಾಡದ ಮುದ್ರೆ ಹೊತ್ತ ಈ ಸಂಪುಟಗಳು. ಸುಂಕಾಪುರರೇ ಸಂಪಾದಿಸಿದ ‘ಜೀವನ ಜೋಕಾಲಿ’ಯ ಸಂಪುಟಗಳಲ್ಲಿ ಹಳ್ಳಿಯ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡು ಅಚ್ಚಿನ ಮನೆಗೆ ಬಂತು. ಹಳ್ಳಿಗೆ ಮಾತು ಕಳಿಸಿದ ವಿಶ್ವವಿದ್ಯಾಲಯ ಹಳ್ಳಿಯ ಮಾತನ್ನೂ ಪುಸ್ತಕ ಮಾಡಿತು. ಈ ಕೊಡುಕೊಳ್ಳುವಿಕೆಯೇ ಅದರ ದೊಡ್ಡ ಸಾಧನೆ ಎಂದು ನಾನು ನಂಬಿದ್ದೇನೆ.

ಮುಂದೆ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದವು. ಪುಸ್ತಕ ಪ್ರಕಟಿಸುವ ವಿಶ್ವವಿದ್ಯಾಲಯಗಳು ಹೆಚ್ಚಾದವು. ಅಕ್ಷರ ಬಲ್ಲವರ ಸಂಖ್ಯೆಯಂತೂ 1951ಕ್ಕೆ ಹೋಲಿಸುವಂತೆಯೇ ಇಲ್ಲ. ಅಂದು ಓದುವವರಿಲ್ಲದ ಊರಿಗೆ ಉಪನ್ಯಾಸಕರು ಹೋದರು. ಇಂದು ಓದುವವರಿರುವ ಊರಿಗೆ ಪುಸ್ತಕ ಹೋಗಲಾರದೆ?

ಕೆಲಸ ಕಷ್ಟದ್ದಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ನವಲಗುಂದ, ಕಲಘಟಗಿ, ಕುಂದಗೋಳ, ಅಣ್ಣಿಗೇರಿಯ ಕಾಲೇಜುಗಳ ಅಧ್ಯಾಪಕರು ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ ಒಂದು ವಿಷಯ ಮಾತಾಡಲಿ. ಮಣ್ಣಿನ ಸವಳು, ಹೆಸರು ಬೆಳೆಯ ರೋಗ, ಊರಿನ ಶಾಸನ, ಯಾವುದಾದರೂ ಆಗಲಿ. ಆಡಿದ ಮಾತನ್ನು ಪ್ರಸಾರಾಂಗ ಅಚ್ಚು ಹಾಕಲಿ. ಹಳೆಯ ಉಪನ್ಯಾಸ ಮಾಲೆಯಲ್ಲಿ ಇಂದಿಗೂ ಸಲ್ಲುವ ಹೊತ್ತಿಗೆಗಳು ಮರುಮುದ್ರಣವಾಗಲಿ. ಓದುಗರೂ ಸುಮ್ಮನಿರಬಾರದು, ಊರಿನ ಗ್ರಂಥಾಲಯಕ್ಕೆ ಹೋಗಿ ಈ ಪುಸ್ತಕಗಳನ್ನು ಕೇಳಬೇಕು. ಕೇಳುವವರಿದ್ದರೆ ತರಿಸುವವರೂ ಇರುತ್ತಾರೆ.